‘ಹೋಗು’ ಎಂಬ ಮಾತು ಬಂದ ದಾರಿ

ಇಟಲಿಯ ಭಾಷೆಯನ್ನು ಕಲಿಯಲು ಹೊರಟವನಿಗೆ ಮೊದಲ ಕೆಲವು ಪಾಠಗಳಲ್ಲಿಯೇ ಒಂದು ವಿಚಿತ್ರವಾದ ಕ್ರಿಯಾಪದ ಎದುರಾಗುತ್ತದೆ. ‘ಹೋಗು’ ಎಂಬ ಅರ್ಥಕ್ಕೆ ನಿಘಂಟು ಕೊಡುವ ರೂಪ ‘ಆಂದಾರೆ’. ಸರಿ, ಇದನ್ನು ಹಿಡಿದುಕೊಂಡು ಮುಂದೆ ಸಾಗೋಣವೆಂದರೆ ವ್ಯಾಕರಣ ಬೇರೆಯೇ ಮಾತನಾಡುತ್ತದೆ. ‘ನಾನು ಹೋಗುತ್ತೇನೆ’ ಎನ್ನುವುದಕ್ಕೆ ‘ವಾದೊ’; ‘ನೀನು ಹೋಗುತ್ತೀಯೆ’ ಎನ್ನುವುದಕ್ಕೆ ‘ವಾಯ್’; ‘ಅವನು ಹೋಗುತ್ತಾನೆ’ ಎನ್ನುವುದಕ್ಕೆ ಬರಿಯ ‘ವಾ’. ಬಹುವಚನದಲ್ಲಿ ‘ನಾವು’ ಬಂದರೆ ‘ಆಂದ್ಯಾಮೊ’, ‘ನೀವು’ ಬಂದರೆ ‘ಆಂದಾತೆ’. ‘ಅವರು’ ಬಂದೊಡನೆ ಮತ್ತೆ ‘ವಾನ್ನೊ’. ಆರು ರೂಪಗಳಲ್ಲಿ ನಾಲ್ಕಕ್ಕೆ ನಿಘಂಟಿನ ರೂಪದ ಗುರುತೇ ಇಲ್ಲ. ನಾನು, ನೀನು, ಅವನು, ಅವರು ಒಂದು ಕುಲದವರು. ನಾವು, ನೀವು ಇನ್ನೊಂದು ಕುಲದವರು. ಆದರೂ ಎಲ್ಲರೂ ಒಂದೇ ಮನೆಯಲ್ಲಿ, ಒಂದೇ ಹೆಸರಿನಲ್ಲಿ ಬಾಳುತ್ತಿದ್ದಾರೆ.

ಕಲಿಯುವ ಹುಡುಗನಿಗೆ ಇದು ಬಾಯಿಪಾಠದ ತೊಂದರೆ. ಭಾಷೆಯ ಚರಿತ್ರೆಯನ್ನು ಓದುವವನಿಗಾದರೋ ಇದೊಂದು ಹಳೆಯ ಮನೆತನದ ದಾಖಲೆ. ಈ ಮನೆಯ ಒಂದು ಕುಲದ ವಂಶಾವಳಿ ಸ್ಪಷ್ಟವಾಗಿದೆ. ಇನ್ನೊಂದರ ಮೂಲ ಯಾವುದೆಂದು ಯೂರೋಪಿನ ಪಂಡಿತರು ನೂರಾರು ವರ್ಷಗಳಿಂದ ವಾದಿಸುತ್ತ ಬಂದಿದ್ದಾರೆ, ಇನ್ನೂ ತೀರ್ಮಾನವಾಗಿಲ್ಲ. ದಿನಕ್ಕೆ ನೂರು ಸಲ ಎಲ್ಲರ ಬಾಯಲ್ಲೂ ಬರುವ ಮಾತಿಗೇ ಹುಟ್ಟಿನ ದಾಖಲೆ ಇಲ್ಲವೆಂಬುದು ಯೋಚಿಸತಕ್ಕ ವಿಷಯ.

ಕಥೆಯನ್ನು ಲ್ಯಾಟಿನ್ ಭಾಷೆಯಿಂದ ಆರಂಭಿಸಬೇಕು. ಇಟಲಿಯ ಭಾಷೆ ರೋಮನರ ಲ್ಯಾಟಿನ್ನಿನ ಮಗಳು. ಆ ತಾಯಿಯಲ್ಲಿ ‘ಹೋಗು’ ಎಂಬುದಕ್ಕೆ ಇದ್ದ ಶಿಷ್ಟ ಪದ ‘ಈರೆ’. ಇದರ ಧಾತು ಕೇವಲ ‘ಇ’. ಸಂಸ್ಕೃತವನ್ನು ಅಲ್ಪಸ್ವಲ್ಪ ಬಲ್ಲವರಿಗೂ ಇಲ್ಲಿ ಕಿವಿ ನಿಮಿರಬೇಕು. ನಮ್ಮ ವೈಯಾಕರಣರು ‘ಇಣ್’ ಎಂದು ಕರೆಯುವ, ಗಮನಾರ್ಥವುಳ್ಳ ಧಾತುವೂ ಇದೇ. ‘ಏತಿ’ ಎಂದರೆ ಹೋಗುತ್ತಾನೆ. ‘ಉದಯ’, ‘ಅತೀತ’, ‘ಉತ್ತರಾಯಣ’ ಎಂದು ನಾವು ದಿನವೂ ಆಡುವ ಮಾತುಗಳು ಈ ಧಾತುವಿನ ಬಳಗಕ್ಕೆ ಸೇರಿದವು. ಲ್ಯಾಟಿನ್ನಿನ ‘ಈರೆ’ಯೂ ಸಂಸ್ಕೃತದ ‘ಏತಿ’ಯೂ ಒಡಹುಟ್ಟಿದವು.

ಈ ಬಾಂಧವ್ಯದ ಸುಳಿವು ಮೊದಲು ಹತ್ತಿದವರಲ್ಲಿ ಒಬ್ಬನು ಇಟಲಿಯವನೇ ಎಂಬುದೂ, ಅವನಿಗೆ ಅದು ಹತ್ತಿದ್ದು ನಮ್ಮ ಪಡುವಣ ಕರಾವಳಿಯಲ್ಲಿ ಎಂಬುದೂ ಸ್ವಾರಸ್ಯದ ಸಂಗತಿ. ಫ್ಲಾರೆನ್ಸಿನ ವರ್ತಕ ಫಿಲಿಪ್ಪೊ ಸಾಸ್ಸೆತ್ತಿ 1583ರಲ್ಲಿ ಕೊಚ್ಚಿಗೆ ಬಂದಿಳಿದ. ಮೆಣಸಿನ ವ್ಯಾಪಾರದಲ್ಲಿ ಕೊಚ್ಚಿ ಗೋವೆಗಳ ನಡುವೆ ಓಡಾಡಿ, 1588ರಲ್ಲಿ ಗೋವೆಯಲ್ಲಿಯೇ ತೀರಿಕೊಂಡ. ಊರಿನ ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ ಅವನು ಈ ದೇಶದ ಪಂಡಿತರ ಭಾಷೆಯಲ್ಲಿ ತಮ್ಮ ಮಾತುಗಳನ್ನು ಹೋಲುವ ಪದಗಳಿವೆಯೆಂದು ಸೋಜಿಗಪಟ್ಟಿದ್ದಾನೆ. ಆರರಿಂದ ಒಂಬತ್ತರವರೆಗಿನ ಸಂಖ್ಯೆಗಳನ್ನೂ ದೇವರು, ಹಾವು ಎಂಬ ಅರ್ಥದ ಮಾತುಗಳನ್ನೂ ಉದಾಹರಿಸಿದ್ದಾನೆ. ನಮ್ಮ ‘ಸಪ್ತ’ ಅವರಲ್ಲಿ ‘ಸೆತ್ತೆ’, ‘ನವ’ ಎಂಬುದು ‘ನೊವೆ’, ‘ಸರ್ಪ’ ಎಂಬುದು ‘ಸೆರ್ಪೆ’. ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಈ ವಿಷಯವನ್ನು ಸಿದ್ಧಾಂತವಾಗಿ ಸಾರಿದ್ದು 1786ರಲ್ಲಿ. ವರ್ತಕನ ಕಿವಿ ಪಂಡಿತನಿಗಿಂತ ಇನ್ನೂರು ವರ್ಷ ಮುಂಚಿತವಾಗಿ ಕೇಳಿಸಿಕೊಂಡಿತ್ತು.

ಅದು ಹಾಗಿರಲಿ. ಇಷ್ಟು ಪುರಾತನವಾದ ‘ಈರೆ’ ಇಟಲಿಯ ಶಿಷ್ಟ ಭಾಷೆಯಿಂದ ಏಕೆ ಮರೆಯಾಯಿತು? ಅದರ ರೂಪಗಳನ್ನು ಉಚ್ಚರಿಸಿ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ‘ನೀನು ಹೋಗುತ್ತೀಯೆ’ ಎನ್ನುವುದಕ್ಕೆ ‘ಈಸ್’. ‘ಅವನು ಹೋಗುತ್ತಾನೆ’ ಎನ್ನುವುದಕ್ಕೆ ‘ಇತ್’. ‘ಹೋಗು’ ಎಂದು ಅಪ್ಪಣೆ ಮಾಡುವುದಕ್ಕೆ ‘ಈ’ ಎಂಬ ಒಂದೇ ಸ್ವರ. ಮಾತಿನ ಕೊನೆಯ ವ್ಯಂಜನಗಳು ಜನರ ಬಾಯಲ್ಲಿ ಸವೆದು ಉದುರಿಹೋಗುತ್ತಿದ್ದ ಕಾಲದಲ್ಲಿ ಇಷ್ಟು ಸಣ್ಣ ಮೈಯ ಪದ ಬದುಕುವುದು ಹೇಗೆ? ಸಂತೆಯ ಗದ್ದಲದಲ್ಲಿ ಕೂಗಿದರೆ ಕೇಳಿಸದು. ಮುಂದಿನ ಮಾತಿನೊಡನೆ ಬೆರೆತರೆ ಗುರುತು ಸಿಗದು. ನಾಲ್ಕನೆಯ ಶತಮಾನದ ಕೊನೆಗೆ ಸಂತ ಜೆರೋಮ್ ಬೈಬಲನ್ನು ಲ್ಯಾಟಿನ್ನಿಗೆ ತಂದಾಗ ಏಕಾಕ್ಷರದ ಈ ರೂಪಗಳನ್ನು ಬಿಟ್ಟು, ‘ಹೋಗು’ ಎನ್ನಲು ‘ವಾದೆ’ ಎಂಬ ಬೇರೊಂದು ಕ್ರಿಯಾಪದದ ರೂಪವನ್ನು ಬಳಸಿದನು. ಆದರೆ ಬಹುವಚನದ ‘ಈತೆ’, ಎಂದರೆ ‘ಹೋಗಿರಿ’, ಎರಡು ಅಕ್ಷರದ್ದಾದುದರಿಂದ ಉಳಿದುಕೊಂಡಿತು. ಲ್ಯಾಟಿನ್ ಪೂಜೆಯ ಕೊನೆಯಲ್ಲಿ ಪಾದ್ರಿಯು ಭಕ್ತರನ್ನು ಬೀಳ್ಕೊಡುವ ಮಾತು ಆರಂಭವಾಗುವುದು ಅದರಿಂದಲೇ.

‘ವಾದೆ’ ಎಂಬುದರ ಮೂಲ ‘ವಾದೆರೆ’. ಬಿರುಸಾಗಿ ಹೋಗು, ಮುನ್ನುಗ್ಗು ಎಂಬುದು ಅದರ ಹಳೆಯ ಅರ್ಥ. ಇಂಗ್ಲಿಷಿನವರು ದಂಡೆತ್ತಿ ಬರುವುದಕ್ಕೆ ‘ಇನ್ವೇಡ್’ ಎನ್ನುವುದು ಇದರಿಂದ ಬಂದದ್ದು. ಪೋಲೆಂಡಿನ ಸಿಯೆಂಕಿಯೆವಿಚ್ 1896ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯ ಹೆಸರು ‘ಕ್ವೋ ವಾದಿಸ್’. ‘ಎಲ್ಲಿಗೆ ಹೋಗುತ್ತೀಯೆ’ ಎಂದು ಅರ್ಥ. ಆ ‘ವಾದಿಸ್’ ಸವೆದು ಇಟಲಿಯಲ್ಲಿ ‘ವಾಯ್’ ಆಯಿತು. ‘ವಾದಿತ್’ ಎಂಬುದು ‘ವಾ’ ಆಯಿತು. ನಮ್ಮ ವಿಚಿತ್ರ ಮನೆಯ ಒಂದು ಕುಲ ಹೀಗೆ ಬಂತು. ಆದರೆ ‘ವಾದೆರೆ’ಗೆ ಒಂದು ಕೊರತೆಯಿತ್ತು. ಭೂತಕಾಲದಲ್ಲಿ ಅದರ ಬಳಕೆ ಇಲ್ಲವೆನ್ನುವಷ್ಟು ಕಡಮೆ. ‘ಹೋಗುತ್ತಾನೆ’ ಎನ್ನಬಲ್ಲ ಪದ ‘ಹೋದನು’ ಎನ್ನಲಾರದೆ ಹೋದರೆ ಸಂಸಾರ ನಡೆಯುವುದು ಹೇಗೆ? ಆದಕಾರಣ ಇನ್ನೊಂದು ಪದವನ್ನು ಮನೆ ತುಂಬಿಸಿಕೊಳ್ಳಬೇಕಾಯಿತು. ಅದೇ ‘ಆಂದಾರೆ’.

ಒಂದು ಧಾತುವಿನ ಸ್ಥಾನದಲ್ಲಿ ಇನ್ನೊಂದು ಬಂದು ಕೂಡುವುದು ನಮ್ಮ ವೈಯಾಕರಣರಿಗೆ ಹೊಸದಲ್ಲ. ಇದನ್ನು ಅವರು ಆದೇಶವೆಂದು ಕರೆದರು. ಮೇಲೆ ಹೇಳಿದ ‘ಇಣ್’ ಧಾತುವಿಗೇ ಲುಙ್ ಎಂಬ ಭೂತಕಾಲದಲ್ಲಿ ‘ಗಾ’ ಎಂಬುದು ಆದೇಶವಾಗಿ ಬರುತ್ತದೆಂದು ಪಾಣಿನಿ ವಿಧಿಸಿದ್ದಾನೆ. ‘ಏತಿ’ ಎಂದರೆ ಹೋಗುತ್ತಾನೆ. ‘ಅಗಾತ್’ ಎಂದರೆ ಹೋದನು. ಇಂಗ್ಲಿಷಿನಲ್ಲಿ ‘ಗೋ’ ಎಂಬುದರ ಭೂತಕಾಲ ‘ವೆಂಟ್’. ಅದೂ ‘ವೆಂಡ್’ ಎಂಬ ಬೇರೆ ಕ್ರಿಯಾಪದದ ಸೊತ್ತು. ಸ್ಪೇನಿನ ಭಾಷೆ ಇನ್ನೂ ಮುಂದೆ ಹೋಗಿದೆ: ಅಲ್ಲಿ ‘ಇರ್’ ಎಂಬ ಕ್ರಿಯಾಪದಕ್ಕೆ ವರ್ತಮಾನವನ್ನು ‘ವಾದೆರೆ’ ಒದಗಿಸಿದರೆ, ಭೂತಕಾಲವನ್ನು ‘ಇರು’ ಎಂಬ ಅರ್ಥದ ಕ್ರಿಯಾಪದ ಒದಗಿಸಿದೆ. ಫ್ರೆಂಚರಲ್ಲಿ ಮೂರು ಮೂಲಗಳು ಕೂಡಿವೆ: ನಿಘಂಟಿನ ರೂಪ ‘ಅಲೇ’, ವರ್ತಮಾನಕ್ಕೆ ‘ವಾದೆರೆ’, ಭವಿಷ್ಯತ್ತಿಗೆ ಹಳೆಯ ‘ಈರೆ’. ಅತಿ ಹೆಚ್ಚಾಗಿ ಬಳಸುವ ಮಾತೇ ಅತಿ ಹೆಚ್ಚಾಗಿ ಸವೆಯುತ್ತದೆ. ಸವೆದ ಕಡೆಗೆ ಸಿಕ್ಕಿದ ಬಟ್ಟೆಯಿಂದ ತೇಪೆ ಹಾಕುತ್ತಾರೆ. ಅಪರೂಪದ ಮಾತುಗಳು ಪೆಟ್ಟಿಗೆಯಲ್ಲಿಟ್ಟ ಪಟ್ಟೆಯ ಸೀರೆಯಂತೆ ಮಡಿಕೆ ಕೆಡದೆ, ಸೂತ್ರಬದ್ಧವಾಗಿ ಉಳಿಯುತ್ತವೆ.

ತೇಪೆಯನ್ನಾದರೂ ಮನಸ್ಸು ಬಂದಂತೆ ಹಾಕಿಲ್ಲ. ‘ವಾದೊ’, ‘ವಾಯ್’, ‘ವಾನ್ನೊ’ ಎನ್ನುವಾಗ ಉಚ್ಚಾರಣೆಯ ಒತ್ತು ಧಾತುವಿನ ಮೇಲೆ ಬೀಳುತ್ತದೆ. ‘ಆಂದ್ಯಾಮೊ’, ‘ಆಂದಾತೆ’ ಎನ್ನುವಾಗ ಒತ್ತು ಪ್ರತ್ಯಯದ ಮೇಲೆ. ಒತ್ತು ಧಾತುವಿನ ಮೇಲಿದ್ದರೆ ‘ವಾದ್’, ಪ್ರತ್ಯಯದ ಮೇಲಿದ್ದರೆ ‘ಆಂದ್’: ಇದೇ ಒಳಗಿನ ನಿಯಮ. ‘ಹೊರಗೆ ಹೋಗು’ ಎಂಬ ಅರ್ಥದ ‘ಉಶ್ಶೀರೆ’ ಎಂಬ ಕ್ರಿಯಾಪದದಲ್ಲೂ ಹೀಗೆಯೇ. ‘ನಾನು ಹೊರಹೋಗುತ್ತೇನೆ’ ಎಂದರೆ ‘ಎಸ್ಕೊ’, ‘ನಾವು’ ಎಂದರೆ ‘ಉಶ್ಶಾಮೊ’. ಇದು ಲ್ಯಾಟಿನ್ನಿನ ‘ಎಕ್ಸೀರೆ’ಯ ಸಂತಾನ, ಬಾಗಿಲು ಎಂಬ ಅರ್ಥದ ‘ಉಶ್ಶೊ’ ಎಂಬ ಪದದ ನೆರಳು ಬಿದ್ದು ಮೊದಲಲ್ಲಿ ‘ಉ’ಕಾರ ಬಂತು. ನಮ್ಮ ಸಿನಿಮಾ ಮಂದಿರಗಳ ಬಾಗಿಲ ಮೇಲೆ ಕೆಂಪು ದೀಪದಲ್ಲಿ ಹೊಳೆಯುವ ‘ಎಕ್ಸಿಟ್’ ಎಂಬುದರಲ್ಲಿ ಕೊನೆಯ ‘ಇಟ್’ ಬೇರೇನೂ ಅಲ್ಲ, ಕಳೆದುಹೋಯಿತೆಂದ ಆ ‘ಇತ್’ ಎಂಬ ರೂಪವೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ‘ಆಂದಾರೆ’ ಎಲ್ಲಿಂದ ಬಂತು? ಎರಡು ಉತ್ತರಗಳು ಪ್ರಬಲವಾಗಿವೆ. ಮೊದಲನೆಯದು, ಲ್ಯಾಟಿನ್ನಿನ ‘ಆಂಬುಲಾರೆ’, ಎಂದರೆ ನಡೆದಾಡು, ಎಂಬುದರಿಂದ ಬಂತೆಂಬುದು. ರೋಗಿಯನ್ನು ಒಯ್ಯುವ ‘ಆಂಬುಲೆನ್ಸ್’ ಗಾಡಿಗೆ ಹೆಸರು ಕೊಟ್ಟ ಪದ ಇದೇ. ರುಮೇನಿಯದ ಭಾಷೆಯಲ್ಲಿ ಇದು ‘ಉಂಬ್ಲಾ’ ಎಂದಾಗಿ ‘ಅಡ್ಡಾಡು’ ಎಂಬ ಅರ್ಥದಲ್ಲಿ ಉಳಿದಿದೆ. ಎಂಟನೆಯ ಶತಮಾನದ್ದೆನ್ನುವ ರೈಖೆನೌ ಪದಪಟ್ಟಿಯಲ್ಲಿ, ಓದುವವರಿಗೆ ಅರ್ಥವಾಗದೆ ಹೋಗುತ್ತಿದ್ದ ಹಳೆಯ ಲ್ಯಾಟಿನ್ ಪದಗಳಿಗೆ ಬಳಕೆಯ ಮಾತಿನಲ್ಲಿ ಅರ್ಥ ಬರೆದಿದೆ. ಅಲ್ಲಿ ‘ಆಲಾರೆ’ ಎಂಬ ರೂಪವೂ ಕಾಣಿಸುತ್ತದೆ. ಫ್ರೆಂಚರ ‘ಅಲೇ’ಗೆ ಹೋಗುವ ಮೆಟ್ಟಿಲು ಅದು. ಆದರೆ ‘ಆಂಬುಲಾರೆ’ಯ ನಡುವಣ ‘ಂಬುಲ್’ ಎಂಬುದು ‘ಂದ್’ ಆಗುವುದು ಹೇಗೆ? ಈ ಪಕ್ಷದವರ ಸಮಾಧಾನ ಹೀಗಿದೆ: ಇದು ಸೈನ್ಯದಲ್ಲಿ ‘ನಡೆಯಿರಿ’ ಎಂದು ಕೂಗುತ್ತಿದ್ದ ಅಪ್ಪಣೆಯ ಮಾತು, ಅಂಥ ಮಾತುಗಳು ಅವಸರದಲ್ಲಿ ಚಪ್ಪಟೆಯಾಗುತ್ತವೆ, ಧ್ವನಿನಿಯಮಗಳಿಗೆ ಕಾಯುವುದಿಲ್ಲ.

ಎರಡನೆಯ ಉತ್ತರ, ‘ಆಂಬಿತಾರೆ’ ಎಂಬ ಪದದಿಂದ ಬಂತೆಂಬುದು. ಇದು ಯಾವ ಗ್ರಂಥದಲ್ಲೂ ಕಂಡ ಪದವಲ್ಲ, ಪಂಡಿತರು ಊಹಿಸಿಕೊಂಡದ್ದು. ‘ಸುತ್ತು, ಬಳಸಿ ಹೋಗು’ ಎಂಬ ಅರ್ಥದ ‘ಆಂಬೀರೆ’ ಎಂಬುದರಿಂದ ಕಟ್ಟಿದ್ದು. ಮತ ಬೇಡುತ್ತ ಊರು ಸುತ್ತುವ ರೋಮಿನ ಅಭ್ಯರ್ಥಿಗಳ ಹಂಬಲದಿಂದ ಇಂಗ್ಲಿಷಿನ ‘ಆಂಬಿಷನ್’ ಹುಟ್ಟಿದ್ದೂ ಈ ‘ಆಂಬೀರೆ’ಯಿಂದಲೇ. ಅರ್ಥದಲ್ಲಿ ಈ ಪಕ್ಷ ಚೆನ್ನಾಗಿ ಹೊಂದುತ್ತದೆ, ತೊಡಕು ಧ್ವನಿಯದು. ಲ್ಯಾಟಿನ್ನಿನ ‘ಕೋಮಿತೆಮ್’ ಎಂಬ ಪದ ಸ್ಪೇನಿನಲ್ಲಿ ‘ಕೊಂದೆ’ ಆದರೂ ಇಟಲಿಯಲ್ಲಿ ‘ಕೊಂತೆ’ ಎಂದು ತಕಾರವನ್ನು ಉಳಿಸಿಕೊಂಡಿತು. ಆ ಲೆಕ್ಕದಲ್ಲಿ ‘ಆಂಬಿತಾರೆ’ಯು ಇಟಲಿಯಲ್ಲಿ ‘ಆಂತಾರೆ’ ಆಗಬೇಕಾಗಿತ್ತು. ದಕಾರ ಎಲ್ಲಿಂದ ಬಂತೆಂಬುದಕ್ಕೆ ಮತ್ತೆ ಒಂದು ಸಮಾಧಾನ ಬೇಕು. ರೋಮನ್ನರಿಗೆ ಮುಂಚೆ ಇದ್ದ ಕೆಲ್ಟಿಕ್ ಭಾಷೆಗಳ ಕಡೆಗೆ ಬೆರಳು ತೋರಿಸಿದವರೂ ಉಂಟು. ಆಧುನಿಕ ರೊಮಾನ್ಸ್ ಭಾಷಾಶಾಸ್ತ್ರದ ಪಿತಾಮಹನೆನಿಸಿದ ಜರ್ಮನಿಯ ಫ್ರೀಡ್ರಿಶ್ ಡೀಟ್ಸ್ 1853ರಲ್ಲಿ ತನ್ನ ನಿರುಕ್ತಕೋಶವನ್ನು ಪ್ರಕಟಿಸಿದಂದಿನಿಂದ ಇಂದಿನವರೆಗೆ ಈ ವ್ಯಾಜ್ಯ ಮುಗಿದಿಲ್ಲ.

ವ್ಯಾಜ್ಯ ಮುಗಿಯದಿರಲು ಕಾರಣ ಸಾಕ್ಷಿಗಳ ಅಭಾವ. ಆ ಕಾಲದಲ್ಲಿ ಬರೆಯಬಲ್ಲವರು ಇದ್ದರು. ಆದರೆ ಅವರು ಬರೆದದ್ದು ಗ್ರಂಥದ ಲ್ಯಾಟಿನ್ನನ್ನು. ಬೀದಿಯ ಮಾತು ಲೇಖನಿಗೆ ಯೋಗ್ಯವಲ್ಲವೆಂದು ಬಗೆದರು. ಯಾರೋ ಒಬ್ಬ ಉಪಾಧ್ಯಾಯ ಶಿಷ್ಯರ ತಪ್ಪುಗಳನ್ನು ತಿದ್ದಲು ಮಾಡಿಟ್ಟ ಪಟ್ಟಿಯೊಂದು ಉಳಿದಿದೆ. ‘ಪ್ರೋಬನ ಅನುಬಂಧ’ ಎಂದು ಅದಕ್ಕೆ ಹೆಸರು. 227 ತಿದ್ದುಪಡಿಗಳು ಅದರಲ್ಲಿವೆ. ಕನ್ನಡಿಗೆ ‘ಸ್ಪೆಕುಲುಂ’ ಎನ್ನಬೇಕು, ‘ಸ್ಪೆಕ್ಲುಂ’ ಎನ್ನಬಾರದು ಎಂಬ ರೀತಿಯವು. ಪಾಪ, ಗೆದ್ದದ್ದು ಉಪಾಧ್ಯಾಯನಲ್ಲ. ಅವನು ಬೇಡವೆಂದ ‘ಸ್ಪೆಕ್ಲುಂ’ ಎಂಬುದೇ ಬೆಳೆದು ಇಟಲಿಯ ‘ಸ್ಪೆಕ್ಕ್ಯೊ’ ಆಯಿತು. ಇಂದು ಆ ದೇಶದ ಪಂಡಿತರೂ ಅದರಲ್ಲಿಯೇ ಮುಖ ನೋಡಿಕೊಳ್ಳುತ್ತಾರೆ. ಅವನ ಸಿಡುಕಿನ ದೆಸೆಯಿಂದಲಾದರೂ ಆ ಪದದ ಚರಿತ್ರೆ ನಮಗೆ ಸಿಕ್ಕಿತು. ‘ಆಂದಾರೆ’ಗೆ ಅಂಥ ಸಿಡುಕಿನ ಭಾಗ್ಯವೂ ಒದಗಲಿಲ್ಲ. ಇಟಲಿಯ ಆಡುಮಾತು ಮೊಟ್ಟಮೊದಲು ವಾಕ್ಯರೂಪದಲ್ಲಿ ದಾಖಲೆಯಾದದ್ದು 960ರಲ್ಲಿ, ಕಾಪುವ ಊರಿನ ಒಂದು ಜಮೀನಿನ ವ್ಯಾಜ್ಯದಲ್ಲಿ ಸಾಕ್ಷಿಗಳು ನುಡಿದ ಮಾತನ್ನು ಇದ್ದಂತೆಯೇ ಬರೆದಿಟ್ಟಾಗ. ಆ ಹೊತ್ತಿಗೆ ಹೋಗುವ ಬರುವ ಮಾತೆಲ್ಲ ಎಂದೋ ಬದಲಾಗಿಹೋಗಿತ್ತು.

ಮೂಲ ಏನೇ ಇರಲಿ, ಮನೆಗೆ ಬಂದ ಮೇಲೆ ‘ಆಂದಾರೆ’ ಒಳ್ಳೆಯ ಗೃಹಿಣಿಯಂತೆ ದುಡಿದಿದೆ. ‘ಆಂದಾವೊ’ ಎಂದರೆ ಹೋಗುತ್ತಿದ್ದೆ. ‘ಆಂದಾಯ್’ ಎಂದರೆ ಹೋದೆ. ಭವಿಷ್ಯತ್ತಿನ ‘ಆಂದ್ರೊ’ ಎಂಬ ರೂಪದ ರಚನೆ ಸೊಗಸಾಗಿದೆ: ‘ಆಂದಾರೆ’ ಎಂಬುದಕ್ಕೆ ‘ಉಳ್ಳವನಾಗಿದ್ದೇನೆ’ ಎಂಬರ್ಥದ ಸಹಾಯಕ ಕ್ರಿಯಾಪದ ಅಂಟಿಕೊಂಡು ‘ಆಂದೆರೊ’ ಆಗಿ, ನಡುವಣ ಸ್ವರ ಕಳೆದು ‘ಆಂದ್ರೊ’ ಆಯಿತು. ನಾವು ‘ಹೋಗಲಿದ್ದೇನೆ’ ಎನ್ನುವಾಗ ‘ಹೋಗಲ್’ ಎಂಬುದಕ್ಕೆ ‘ಇದ್ದೇನೆ’ ಸೇರುವುದಿಲ್ಲವೆ? ಹಾಗೆಯೇ. ‘ಹೋಗಿದ್ದಾನೆ’ ಎನ್ನಲು ‘ಎ ಆಂದಾತೊ’, ‘ಹೋಗಿದ್ದಾಳೆ’ ಎನ್ನಲು ‘ಎ ಆಂದಾತಾ’. ಇಲ್ಲಿ ಲಿಂಗಭೇದ ಕ್ರಿಯೆಯಲ್ಲಿಯೇ ಕಾಣುತ್ತದೆ. ಸಂಗೀತ ಬಲ್ಲವರು ‘ಆಂದಾಂತೆ’ ಎಂಬ ಮಾತನ್ನು ಕೇಳಿರಬಹುದು. ಪಾಶ್ಚಾತ್ಯ ಸಂಗೀತದಲ್ಲಿ ಅದು ತೀರ ವಿಳಂಬವೂ ಅಲ್ಲದ, ದ್ರುತವೂ ಅಲ್ಲದ ಕಾಲಗತಿ. ‘ಹೋಗುತ್ತಿರುವ’, ‘ನಡೆಯುವ’ ಎಂದು ಅದರ ಅಕ್ಷರಾರ್ಥ. 1842ರಲ್ಲಿ ಮಿಲಾನಿನ ಸ್ಕಾಲಾ ರಂಗಮಂದಿರದಲ್ಲಿ ಮೊದಲು ಪ್ರದರ್ಶನವಾದ ವೆರ್ದಿಯ ‘ನಬುಕ್ಕೊ’ ಗೀತನಾಟಕದಲ್ಲಿ ಸೆರೆಯಾಳುಗಳು ತಮ್ಮ ನೆನಪನ್ನು ತಾಯ್ನಾಡಿಗೆ ಕಳುಹಿಸುವ ಮೇಳಗೀತವೊಂದಿದೆ. ಇಟಲಿಯವರಿಗೆ ಅದು ನಾಡಗೀತದಷ್ಟೇ ಪ್ರಿಯ. ಅದರ ಮೊದಲ ಮಾತು ‘ವಾ’.

ಬಳಕೆಯ ವಿಷಯಕ್ಕೆ ಬಂದರೆ ಕನ್ನಡಿಗನಿಗೆ ಈ ಪರಭಾಷೆಯಲ್ಲಿ ಮನೆಯ ದಾರಿಯೇ ಸಿಕ್ಕಿದಂತಾಗುತ್ತದೆ. ‘ಕಳೆದುಹೋಯಿತು’, ‘ಸುಟ್ಟುಹೋಯಿತು’ ಎನ್ನುವಾಗ ನಮ್ಮ ‘ಹೋಗು’ ಎಲ್ಲಿಗೂ ಹೋಗುವುದಿಲ್ಲ. ನಷ್ಟವಾಯಿತೆಂಬ ಭಾವವನ್ನು ಮಾತ್ರ ಕೊಡುತ್ತದೆ. ಇಟಲಿಯವರೂ ‘ಆಂದೊ ಪೆರ್ದೂತೊ’ ಎನ್ನುತ್ತಾರೆ. ಪದಕ್ಕೆ ಪದವಿಟ್ಟರೆ ‘ಕಳೆದು ಹೋಯಿತು’. ‘ಹೇಳುತ್ತಾ ಹೋಗುತ್ತಾನೆ’ ಎಂಬುದಕ್ಕೆ ಅವರು ‘ವಾ ದಿಚೆಂದೊ’ ಎನ್ನುತ್ತಾರೆ; ಅದೂ ಹಾಗೆಯೇ. ‘ಬರಬರುತ್ತಾ’ ಎಂದು ನಾವು ಕಾಲದ ಗತಿಯನ್ನು ಬರುವಿಕೆಯಿಂದ ಸೂಚಿಸಿದರೆ ಅವರು ‘ಅ ಲುಂಗೊ ಆಂದಾರೆ’ ಎಂದು ಹೋಗುವಿಕೆಯಿಂದ ಸೂಚಿಸುತ್ತಾರೆ. ಈ ಕ್ರಿಯಾಪದಕ್ಕೆ ವಿಧಿಯ ಅರ್ಥವೂ ಉಂಟು: ‘ವಾ ಪಗಾತೊ’ ಎಂದರೆ ‘ಹಣ ಸಲ್ಲಿಸತಕ್ಕದ್ದು’. ‘ಕೋಮೆ ವಾ?’ ಎಂದರೆ ‘ಹೇಗೆ ನಡೆಯುತ್ತಿದೆ?’ ಎಂಬ ಕುಶಲಪ್ರಶ್ನೆ. ‘ವಾ ಬೇನೆ’ ಎಂದರೆ ‘ಆಗಲಿ, ಸರಿ’. ‘ನೊನ್ ಮಿ ವಾ’ ಎಂದರೆ ‘ನನಗೆ ಹಿಡಿಸದು’. ನಿಧಾನವಾಗಿ ಹೋಗುವವನು ಕ್ಷೇಮವಾಗಿ ಹೋಗುತ್ತಾನೆ, ದೂರ ಹೋಗುತ್ತಾನೆ ಎಂಬ ಅವರ ಗಾದೆಯಲ್ಲಿ ‘ವಾ’ ಮೂರು ಸಲ ಬರುತ್ತದೆ. ನಿಧಾನವೇ ಪ್ರಧಾನವೆನ್ನುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಒಂದು ಕಡೆ ಮಾತ್ರ ನಮಗೂ ಅವರಿಗೂ ದಾರಿ ಬೇರೆ. ಮನೆಯಿಂದ ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನಲು ಅಳುಕಿ ‘ಬರ್ತೀನಿ’ ಎನ್ನುತ್ತೇವೆ. ಇಟಲಿಯವನಿಗೆ ಆ ಅಳುಕಿಲ್ಲ. ‘ವಾದೊ’ ಎಂದು ನೇರವಾಗಿ ಎದ್ದುಬಿಡುತ್ತಾನೆ.

ಕನ್ನಡ ದ್ರಾವಿಡ ಭಾಷೆ. ನಮ್ಮ ‘ಹೋಗು’, ಹಳಗನ್ನಡದ ‘ಪೋಗು’, ಇಟಲಿಯ ಮಾತಿಗೆ ರಕ್ತಸಂಬಂಧಿಯಲ್ಲ. ತೆಂಕಣ ಭಾಷೆಗಳ ಕುಲ ಬೇರೆಯೆಂದು ಎಲ್ಲಿಸ್ 1816ರಲ್ಲಿ ತೋರಿಸಿಕೊಟ್ಟ. ಕಾಲ್ಡ್‌ವೆಲ್ 1856ರಲ್ಲಿ ವಿಸ್ತಾರವಾಗಿ ಸಾಧಿಸಿದ. ಹಾಗಿದ್ದೂ ಬಳಕೆ ಇಷ್ಟು ಸಮೀಪವಾದದ್ದು ಮನುಷ್ಯಸ್ವಭಾವದಿಂದ. ಕಣ್ಣ ಮುಂದಿನಿಂದ ದೂರವಾದದ್ದೆಲ್ಲ ಹೋದದ್ದೇ ಎಂದು ಕಾಣುವುದು ಎಲ್ಲ ದೇಶದ ಮನಸ್ಸಿಗೂ ಸಹಜ.

ಕೊನೆಯದಾಗಿ ‘ಈರೆ’ಯ ಪಾಡನ್ನು ಹೇಳಬೇಕು. ಅದು ಇಟಲಿಯಲ್ಲಿ ನಿಜವಾಗಿ ಸತ್ತಿತೆ? ದಾಂತೆ ಮಹಾಕವಿ ‘ಈರೆ’ಯನ್ನೂ ಅದರ ಮತ್ತೊಂದು ರೂಪವಾದ ‘ಜೀರೆ’ಯನ್ನೂ ತನ್ನ ಕಾವ್ಯದಲ್ಲಿ ಬಳಸಿದ್ದಾನೆ. ಅನಂತರದ ಶಿಷ್ಟ ಗದ್ಯ ಅವನ್ನು ಕೈಬಿಟ್ಟಿತು. ಆದರೆ ಇಟಲಿ ಎಂದರೆ ಫ್ಲಾರೆನ್ಸಿನ ಶಿಷ್ಟರಷ್ಟೇ ಅಲ್ಲ. 1861ರಲ್ಲಿ ದೇಶ ಒಂದು ರಾಜ್ಯವಾದಾಗ ಶಿಷ್ಟ ಇಟಾಲಿಯನ್ನನ್ನು ಆಡಬಲ್ಲವರು ನೂರಕ್ಕೆ ಎರಡೂವರೆ ಜನವೆಂದು ತುಲ್ಲಿಯೊ ದೆ ಮೌರೊ 1963ರ ತನ್ನ ಗ್ರಂಥದಲ್ಲಿ ಅಂದಾಜು ಮಾಡಿದ್ದಾನೆ. ಬೇರೆ ವಿದ್ವಾಂಸರ ಎಣಿಕೆಯಲ್ಲಿ ಅದು ನೂರಕ್ಕೆ ಹತ್ತರ ಹತ್ತಿರ. ಉಳಿದವರೆಲ್ಲ ತಮ್ಮ ತಮ್ಮ ಸೀಮೆಯ ನುಡಿಯವರು. ನೇಪಲ್ಸಿನವರು ‘ಹೋಗೋಣ’ ಎನ್ನಲು ಇಂದಿಗೂ ‘ಯಾಮ್ಮೊ’ ಎನ್ನುತ್ತಾರೆ. ಲ್ಯಾಟಿನ್ನಿನ ‘ಎಆಮುಸ್’ ಸವೆದು ಉಳಿದ ರೂಪ ಅದು, ಅಚ್ಚ ‘ಈರೆ’. ವೆಸೂವಿಯಸ್ ಬೆಟ್ಟಕ್ಕೆ ಹಗ್ಗದಿಂದೆಳೆಯುವ ರೈಲು ಬಂದಾಗ, 1880ರಲ್ಲಿ, ಆ ಊರಿನ ನುಡಿಯಲ್ಲಿ ಕಟ್ಟಿದ ‘ಫುನಿಕುಲೀ ಫುನಿಕುಲಾ’ ಎಂಬ ಹಾಡಿನ ಪಲ್ಲವಿಯಲ್ಲಿ ಆ ಮಾತೇ ಕುಣಿಯುತ್ತದೆ. ಹಾಡು ಲೋಕವನ್ನೇ ಸುತ್ತಿತು. ವ್ಯಾಕರಣಕಾರರು ಕಳೆದುಹೋಯಿತೆಂದು ಬರೆದ ಪದ ಬೆಟ್ಟದ ಬುಡದ ಜನರ ಬಾಯಲ್ಲಿ ಸುಖವಾಗಿತ್ತು.

ಇದರಿಂದ ನಾವು ತಿಳಿಯಬೇಕಾದದ್ದು ಒಂದುಂಟು. ಮೈಸೂರಿನವನ ‘ಹೋಗ್ತೀನಿ’, ಧಾರವಾಡದವನ ‘ಹೊಕ್ಕೀನಿ’, ಕುಂದಾಪುರದವನ ‘ಹೋತೆ’ ಇವುಗಳನ್ನು ಕೇಳಿ ನಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಶಾಲೆಯ ಪುಸ್ತಕದ ‘ಹೋಗುತ್ತೇನೆ’ ಒಂದೇ ಶುದ್ಧ, ಉಳಿದುದೆಲ್ಲ ಅಪಭ್ರಂಶ ಎಂಬುದು ಅವರ ಭಾವನೆ. ಶಿಷ್ಟ ರೂಪವನ್ನು ಕಲಿಸುವುದು ಬೇಡವೆಂದು ಯಾರೂ ಹೇಳುವುದಿಲ್ಲ, ಅದು ಬೇಕು. ಆದರೆ ರೋಮಿನ ಲೇಖಕರು ತಮ್ಮ ಮನೆಯ ಆಳು, ಸಂತೆಯ ಹೆಂಗಸು, ದಂಡಿನ ಸಿಪಾಯಿ ಆಡಿದ ಮಾತನ್ನು ಹೀಗೆಯೇ ನಕ್ಕು ಬಿಟ್ಟದ್ದರಿಂದ ಒಂದು ಭಾಷೆಯ ಅತ್ಯಂತ ಸಾಮಾನ್ಯವಾದ ಪದ ತಾಯಿತಂದೆ ತಿಳಿಯದ ಪದವಾಯಿತು. ನಮ್ಮ ಸೀಮೆಸೀಮೆಯ ‘ಹೋಗು’ಗಳನ್ನು, ಅವನ್ನು ಆಡುವ ಹಿರಿಯರು ಇರುವಾಗಲೇ, ಕೇಳಿ ಬರೆದಿಡುವುದು ಕಷ್ಟದ ಕೆಲಸವೇನೂ ಅಲ್ಲ. ಒಂದು ಟಿಪ್ಪಣಿ ಪುಸ್ತಕ, ಸ್ವಲ್ಪ ತಾಳ್ಮೆ ಸಾಕು.

ಇಟಲಿಯ ಭಾಷೆಯಲ್ಲಿ ಪ್ರಯಾಣಿಕನಿಗೆ ‘ವಿಯಾಂದಾಂತೆ’ ಎಂಬ ಹಳೆಯ ಚೆಲುವಾದ ಮಾತಿದೆ. ‘ವಿಯಾ’ ಎಂದರೆ ದಾರಿ, ‘ಆಂದಾಂತೆ’ ಎಂದರೆ ಹೋಗುವವನು. ನಮ್ಮ ‘ದಾರಿಹೋಕ’ ಎಂಬುದು ಅಕ್ಷರಶಃ ಅದೇ. ಪದಗಳೂ ದಾರಿಹೋಕರೇ. ಬಾಗಿಲಿಗೆ ಬಂದಾಗ ಊರು ಹೆಸರು ಕೇಳಿ ಬರೆದುಕೊಂಡರೆ ಉಂಟು. ಅವು ಹೋದ ಮೇಲೆ ಹೆಜ್ಜೆಗುರುತನ್ನು ಅರಸುತ್ತ ಕೂಡುವುದು ಪಂಡಿತರ ಪಾಲಿಗೆ ಬರುತ್ತದೆ.